ಉಪ್ಪು ಹಿಡಿದ ಬಾಗಿಲು

ಜೂನ್ 1 ಬಂತೆಂದರೆ ಮಲ್ಪೆಯ ದಕ್ಕೆಯಲ್ಲಿ ಬೋಟುಗಳಿಗೆ ಜಾಗ ಸಾಲುವುದಿಲ್ಲ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಬೋಟುಗಳು ಪಕ್ಕೆಗೆ ಪಕ್ಕೆ ತಾಗಿಸಿಕೊಂಡು ನಿಲ್ಲುತ್ತವೆ. ಕೆಲವು ದಡ ಏರಿ ಮರದ ದಿಮ್ಮಿಗಳ ಮೇಲೆ ಕೂರುತ್ತವೆ. ಮೇಲೆ ಮಡಲಿನದೋ ಟಾರ್ಪಾಲಿನದೋ ಮಾಡು. ಅದರಡಿ ವೆಲ್ಡಿಂಗಿನ ನೀಲಿ ಬೆಳಕು, ಬಣ್ಣದ ವಾಸನೆ, ಹರಿದ ಬಲೆ ಹೆಣೆಯುವವರ ಮಾತು, ಎಲ್ಲದರ ಮೇಲೂ ಎಡೆಬಿಡದ ಮಳೆಯ ಸದ್ದು.

ರಿಪೇರಿಯಲ್ಲಿ ಇಂಜಿನ್ನಿಗೆ ಮೊದಲ ಮರ್ಯಾದೆ. ಆಮೇಲೆ ಬೋಟನ್ನು ದೂಡುವ ಫ್ಯಾನು, ಬಲೆ ಎಳೆಯುವ ವಿಂಚು, ತಳದ ಬಣ್ಣ. ಕ್ಯಾಬಿನ್ನಿನ ಜಾರುಬಾಗಿಲಿನ ಸರದಿ ಬರುವುದು ದುಡ್ಡೂ ದಿನವೂ ಉಳಿದರೆ. ‘ಸ್ವಲ್ಪ ಬಿಗಿ ಉಂಟು, ಭುಜ ಕೊಟ್ಟರೆ ಬರ್ತದೆ’ ಎನ್ನುತ್ತಲೇ ಇಡೀ ಋತು ಕಳೆದವರಿದ್ದಾರೆ. ನನಗೆ ಆ ಭುಜ ಕೊಡುವ ಮಾತೇ ಹೆದರಿಕೆ ಹುಟ್ಟಿಸುತ್ತದೆ. ಆಳಸಮುದ್ರಕ್ಕೆ ಹೋದ ಬೋಟಿನಲ್ಲಿ ದಿನಗಟ್ಟಲೆ ಜನ ಮಲಗಿ ಏಳುವುದು ಆ ಬಾಗಿಲಿನ ಹಿಂದೆ. ನಡುರಾತ್ರಿ ಬೋಟು ಒಂದು ಮಗ್ಗುಲಿಗೆ ವಾಲಿದರೆ, ಒಳಗೆ ಹೊಗೆ ತುಂಬಿದರೆ, ನಿದ್ದೆಗಣ್ಣಲ್ಲಿ ಎದ್ದವನ ಒಂದೇ ಕೈಗೆ ಅದು ತೆರೆದುಕೊಳ್ಳಬೇಕು. ಇನ್ನೊಂದು ಕೈ ಬೀಳದಂತೆ ಏನನ್ನಾದರೂ ಹಿಡಿದಿರುತ್ತದೆ.

ಮನೆಯ ಹಾಗೆ ತಿರುಗಣೆಯ ಬಾಗಿಲು ಇಟ್ಟರಾಗದೇ ಎಂದು ಕೇಳಬಹುದು. ಕ್ಯಾಬಿನ್ನಿನ ಪಕ್ಕದಲ್ಲಿ ಒಬ್ಬ ಮನುಷ್ಯ ಹಾಯುವಷ್ಟೇ ದಾರಿ. ಅಲ್ಲಿ ಹೊರಕ್ಕೆ ಬಾಗಿಲು ತೆರೆದರೆ ಹಗ್ಗ, ಬಲೆ, ಓಡಾಡುವ ಕಾಲು ಎಲ್ಲಕ್ಕೂ ಅಡ್ಡ. ಅಲೆಯ ಹೊಯ್ದಾಟಕ್ಕೆ ಬಡಿದರೆ ಬೆರಳು ಉಳಿಯುವುದಿಲ್ಲ. ಗೋಡೆಗೆ ಒತ್ತಿಕೊಂಡೇ ಜಾರುವ ಬಾಗಿಲಿಗೆ ಆ ಉಪದ್ರವಿಲ್ಲ. ಆದರೆ ಅದಕ್ಕೊಂದು ಚಾನೆಲ್ ಬೇಕು, ಚಾನೆಲ್ ಎಂದರೆ ನೀರು ನಿಲ್ಲುವ ತೋಡು.

ಬಾಗಿಲು ಬಿಗಿಯುವ ಕತೆ ಅಲ್ಲಿಂದ ಶುರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಹೆಚ್ಚುಕಡಿಮೆ 35 ಗ್ರಾಂ ಉಪ್ಪು. ಸಿಡಿದು ಬಂದ ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿತೆಂದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗತೊಡಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಬರವೇ? ಹಾಗಾಗಿ ಬೋಟು ದಡದಲ್ಲಿದ್ದರೂ ಚಾನೆಲ್ಲಿನೊಳಗೆ ಸಮುದ್ರ ಇದ್ದೇ ಇರುತ್ತದೆ. ಅಲ್ಯೂಮಿನಿಯಂ ಚಾನೆಲ್ಲಿಗೆ ಸ್ಟೀಲಿನ ಸ್ಕ್ರೂ ಹೊಡೆದಿದ್ದರಂತೂ ಮುಗಿಯಿತು. ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದು ಬ್ಯಾಟರಿಯೇ; ಸವೆಯುವ ಪಾಲು ಅಲ್ಯೂಮಿನಿಯಂನದು. ಸ್ಕ್ರೂವಿನ ಸುತ್ತ ಬಿಳಿ ಹಿಟ್ಟು ಉಬ್ಬಿ ಚಾನೆಲ್ಲನ್ನು ಒಳಕ್ಕೆ ತಳ್ಳುತ್ತದೆ. ರೋಲರಿನ ಕಬ್ಬಿಣದ ಅಚ್ಚಿಗೆ ತುಕ್ಕು ಹಿಡಿದರೆ ಅದೂ ಉಬ್ಬಿ ಚಕ್ರವನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ರೋಲರ್ ಉರುಳುವುದಿಲ್ಲ, ಉಜ್ಜುತ್ತದೆ.

ಕೆಲಸ ಬಲ್ಲ ಆಚಾರಿ ಬಂದ ಕೂಡಲೇ ಕೀಸುಳಿಗೆ ಕೈಹಾಕುವುದಿಲ್ಲ. ಮೊದಲು ಬಾಗಿಲನ್ನು ಮೆಲ್ಲಗೆ ಅತ್ತಿತ್ತ ದೂಡಿ ಎಲ್ಲಿ ತಡೆಯುತ್ತದೆಂದು ಕಿವಿಗೊಡುತ್ತಾನೆ. ಕರಕರ ಎಂದರೆ ಕೆಳಗೆ ಕಸ. ಕಿರ್ ಎಂದು ಎಳೆದರೆ ರಬ್ಬರಿನ ಪಟ್ಟಿ ಗಟ್ಟಿಯಾಗಿದೆ. ಸದ್ದೇ ಇಲ್ಲದೆ ನಿಂತರೆ ಮರ ನೀರು ಕುಡಿದು ಉಬ್ಬಿದೆ, ಇಲ್ಲವೇ ಚೌಕಟ್ಟೇ ಓರೆಯಾಗಿದೆ. ಚೌಕಟ್ಟಿನ ಮೂಲೆಯಿಂದ ಮೂಲೆಗೆ ನೂಲು ಹಿಡಿದು ಎರಡೂ ಕರ್ಣಗಳನ್ನು ಅಳೆಯುತ್ತಾನೆ. ಅಳತೆ ಒಂದೇ ಬಂದರೆ ಚೌಕಟ್ಟಿನ ತಪ್ಪಲ್ಲ.

ಬಾಗಿಲನ್ನು ಮೇಲಕ್ಕೆತ್ತಿ ಕಳಚಿದಾಗ ಕಾಣುವುದು ಇಡೀ ವರ್ಷದ ದುಡಿಮೆ: ಮೀನಿನ ಹುರುಪೆ, ಬಲೆಯ ನೂಲಿನ ತುಂಡು, ಮರಳು, ಅದರ ಮೇಲೆ ಯಾರೋ ಒಳ್ಳೆಯ ಮನಸ್ಸಿನಿಂದ ಹಚ್ಚಿದ ಗ್ರೀಸು. ಆ ಗ್ರೀಸೇ ದೊಡ್ಡ ವೈರಿ. ಹಚ್ಚಿದ ದಿನ ಬಾಗಿಲು ಹಗುರವಾಗಿ ಓಡುತ್ತದೆ, ಆಮೇಲೆ ಮರಳನ್ನೂ ಹುರುಪೆಯನ್ನೂ ಹಿಡಿದು ಅರೆಯುವ ಕಲ್ಲಾಗುತ್ತದೆ. ಸೀಮೆಎಣ್ಣೆಯಲ್ಲಿ ಅದನ್ನು ತೊಳೆದು, ಬಳಿಕ ಸಿಹಿನೀರು ಸುರಿದು ಉಪ್ಪನ್ನು ತೆಗೆಯಬೇಕು. ಉಪ್ಪು ಸೀಮೆಎಣ್ಣೆಗೆ ಕರಗುವುದಿಲ್ಲ, ನೀರೇ ಬೇಕು.

ಆಚಾರಿ ಹೆಚ್ಚು ಹೊತ್ತು ಕಳೆಯುವುದು ಚಾನೆಲ್ಲಿನ ತಳದ ತೂತುಗಳಲ್ಲಿ. ನೀರು ಹೊರಹೋಗಲೆಂದೇ ಇಟ್ಟ ಆ ಸಣ್ಣ ತೂತುಗಳು ಬಣ್ಣದಿಂದಲೋ ಕೊಳೆಯಿಂದಲೋ ಮುಚ್ಚಿರುತ್ತವೆ. ತಂತಿ ಹಾಕಿ ಬಿಡಿಸುತ್ತಾನೆ. ಸಾಲದಿದ್ದರೆ ಡ್ರಿಲ್ಲು ಹಿಡಿದು ಇನ್ನೊಂದು ತೂತು ಕೊರೆಯುತ್ತಾನೆ. ಬಾಗಿಲಿನ ರಿಪೇರಿ ಎಂದರೆ ಬಹುಪಾಲು ಇದೇ ಎಂದು ನನ್ನ ನಂಬಿಕೆ. ನೀರು ನಿಲ್ಲುವ ಜಾಗ ಹಾಗೇ ಉಳಿದರೆ ಹೊಸ ರೋಲರೂ ಹಳೆಯದರ ದಾರಿ ಹಿಡಿಯುತ್ತದೆ. ಹಳೆಯ ಸ್ಕ್ರೂ ತೆಗೆದಲ್ಲಿ ಹೊಸದನ್ನು ಕೂರಿಸುವಾಗ ಅಡಿಗೆ ಪ್ಲಾಸ್ಟಿಕ್ ವಾಷರ್ ಇಟ್ಟು ಲೋಹಕ್ಕೆ ಲೋಹ ತಾಗದಂತೆ ನೋಡುತ್ತಾನೆ. ಜಾರಲೆಂದು ಚಾನೆಲ್ಲಿನ ಉದ್ದಕ್ಕೂ ತಿಕ್ಕುವುದು ಬರಿಯ ಮೇಣದ ಬತ್ತಿ. ಮೇಣಕ್ಕೆ ಮರಳು ಗ್ರೀಸಿನಷ್ಟು ಅಂಟದು.

ಇಷ್ಟಾದರೂ ಮರದ ಅಂಚು ಸ್ವಲ್ಪ ತಾಗುತ್ತಲೇ ಇರುತ್ತದೆ. ಹೊಸಬನಾದರೆ ಅಲ್ಲೇ ಕೀಸಿ ಮುಗಿಸುತ್ತಾನೆ.

‘ಆಚಾರ್ರೇ, ಇಷ್ಟನ್ನು ಈಗಲೇ ತೆಗೆದುಬಿಡಿ’ ಎಂದು ಬೋಟು ನಡೆಸುವ ತಾಂಡೇಲ ಅವಸರ ಮಾಡುತ್ತಾನೆ.

‘ಬೋಟು ನೀರಿಗೆ ಇಳೀಲಿ ಮಾರಾಯ್ರೇ. ಈಗ ಅದು ದಿಮ್ಮಿ ಮೇಲೆ ಕೂತಿದೆ.’

ಆ ಮಾತಿನಲ್ಲಿ ಲೆಕ್ಕವಿದೆ. ದಡದಲ್ಲಿ ಬೋಟಿನ ಭಾರವೆಲ್ಲ ನಾಲ್ಕಾರು ದಿಮ್ಮಿಗಳ ಮೇಲೆ. ನೀರಿನಲ್ಲಿ ಇಡೀ ತಳಕ್ಕೆ ಆಸರೆ ಸಿಗುತ್ತದೆ, ಮರದ ಮೈ ಕೂದಲೆಳೆಯಷ್ಟು ಬಾಗಿ ಬೇರೆ ಆಕಾರಕ್ಕೆ ಬರುತ್ತದೆ. ಡೀಸೆಲ್, ಐಸು, ಬಲೆ ತುಂಬಿದ ಮೇಲೆ ಇನ್ನೂ ಸ್ವಲ್ಪ. ದಡದಲ್ಲಿ ನೂಲಿಗೆ ಸರಿ ಕಂಡ ಚೌಕಟ್ಟು ನೀರಿನಲ್ಲಿ ಓರೆಯಾಗಬಹುದು, ಓರೆ ಕಂಡದ್ದು ನೆಟ್ಟಗಾಗಬಹುದು. ಕೀಸಿ ತೆಗೆದ ಮರವನ್ನು ಮತ್ತೆ ಅಂಟಿಸಲಾಗದು.

ಆಗಸ್ಟಿನಲ್ಲಿ ಬೋಟು ಇಳಿದು ಸಾಮಾನು ತುಂಬಿದ ಮೇಲೆ ಆಚಾರಿ ಮತ್ತೆ ಹತ್ತುತ್ತಾನೆ. ನೂಲು ಹಿಡಿದು ನೋಡಿ, ತಾಗುವಲ್ಲಿ ಮಾತ್ರ ಎರಡೆಳೆ ಕೀಸಿ, ಕೀಸಿದ ಜಾಗಕ್ಕೆ ತಡಮಾಡದೆ ಬಣ್ಣ ಬಳಿಯುತ್ತಾನೆ. ಇಲ್ಲದಿದ್ದರೆ ಆ ಬರಿಮೈಯಿಂದಲೇ ಮರ ನೀರು ಕುಡಿಯುತ್ತದೆ. ಬಳಿಕ ಬೋಟಿನಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗನನ್ನು ಕರೆದು, ಒಳಗೆ ನಿಲ್ಲಿಸಿ, ಎಡಗೈಯಲ್ಲಿ ಎಳೆಯಲು ಹೇಳುತ್ತಾನೆ. ಅವನ ಕೈಗೆ ಸಲೀಸಾಗಿ ಬಂದರೆ ಕೂಲಿ ತೆಗೆದುಕೊಳ್ಳುತ್ತಾನೆ. ಪ್ರತಿ ಸಲ ದಕ್ಕೆಗೆ ಬಂದಾಗ ಚಾನೆಲ್ಲಿಗೆ ಒಂದು ಚೆಂಬು ಸಿಹಿನೀರು ಹಾಕುವ ಜವಾಬ್ದಾರಿಯೂ ಆ ಹುಡುಗನಿಗೇ.