ಎಮ್ಮೆ ಹಾಲು, ಎಳೆಗೂಸು, ಮೈಸೂರು

ನಮ್ಮಜ್ಜಿ ಸಾಸಿವೆ ತುಂಬಿಡುತ್ತಿದ್ದ ತಗಡಿನ ಡಬ್ಬಿಯ ಬಣ್ಣವೆಲ್ಲ ಮಾಸಿ, ‘ಅಮೂಲ್’ ಎಂಬ ಹೆಸರಷ್ಟೇ ಉಳಿದಿತ್ತು. ಹೆರಿಗೆಯಾದ ಮೇಲೆ ಟೈಫಾಯ್ಡ್ ಬಂದು ಅಜ್ಜಿಗೆ ಹಾಲು ಬತ್ತಿದಾಗ ಚಿಕ್ಕಪ್ಪನನ್ನು ಉಳಿಸಿದ್ದು ಆ ಡಬ್ಬಿಯ ಪುಡಿ. ಗುಜರಾತಿನಿಂದ ಬಂದ ಅದರ ಮೂಲ ಹುಡುಕುತ್ತ ಹೋದ ನಾನು ತಿರುಗಿ ನಮ್ಮ ಮೈಸೂರಿಗೇ ಬಂದು ನಿಂತೆ.

ಅಹಮದಾಬಾದಿನಿಂದ ವಡೋದರಕ್ಕೆ, ಸೂರತ್ತಿಗೆ ಹೋಗುವ ರೈಲು ದಾರಿಯಲ್ಲಿ ಆನಂದ್ ಸಿಗುತ್ತದೆ. ಅಲ್ಲಿ 1946ರಲ್ಲಿ ಹುಟ್ಟಿದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘಕ್ಕೆ, ಅಂದರೆ ಮುಂದೆ ‘ಅಮೂಲ್’ ಎನಿಸಿದ್ದಕ್ಕೆ, ಬರುತ್ತಿದ್ದದ್ದು ಹೆಚ್ಚಾಗಿ ಎಮ್ಮೆ ಹಾಲು. ಅದನ್ನು ಪುಡಿ ಮಾಡಲಾಗದು ಎನ್ನುತ್ತಿದ್ದ ಕಾಲದಲ್ಲಿ ಸಂಘದ ತಂತ್ರಜ್ಞ ಎಚ್.ಎಂ. ದಲಾಯ ಮಾಡಿ ತೋರಿಸಿದರು. 1955ರಲ್ಲಿ ನೆಹರೂ ಕಾರ್ಖಾನೆ ಉದ್ಘಾಟಿಸಿದರು.

ಎಳೆಗೂಸಿಗೆ ಕೊಡುವ ಪುಡಿಯ ಮಾತು ಬೇರೆ. ತಾಯಿಹಾಲಿನಲ್ಲಿ ಪ್ರೋಟೀನು ನೂರಕ್ಕೆ ಸುಮಾರು 1 ಪಾಲು, ಎಮ್ಮೆ ಹಾಲಿನಲ್ಲಿ 4ರ ಹತ್ತಿರ; ಜಿಡ್ಡು 7ರ ಆಸುಪಾಸು. ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟಿ ಅರಗದೆ ಕೂರುತ್ತದೆ. ಈ ಗಂಟು ಬಿಚ್ಚಿದ್ದು ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಮೈಸೂರಿನ ರಾಜಕುಮಾರಿಗೆಂದು ಕಟ್ಟಿಸಿದ್ದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಶುರುವಾದ ಸಂಸ್ಥೆ ಅದು. ನಿರ್ದೇಶಕ ವಿ. ಸುಬ್ರಹ್ಮಣ್ಯನ್, ಎಂ.ಆರ್. ಚಂದ್ರಶೇಖರ, ಎಂ. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ಜಿಡ್ಡು ಇಳಿಸಿದರು, ಸಕ್ಕರೆ ಕೂಡಿಸಿದರು, ಹೆಪ್ಪು ಮೆತ್ತಗಾಗಲೆಂದು ಲವಣ ಬೆರೆಸಿದರು. 1960ರ ಸುಮಾರಿಗೆ ಆನಂದ್‌ನಿಂದ ಡಬ್ಬಿ ಹೊರಟಿತು.

ಮೈಸೂರಿನವಳಾಗಿ ನನಗೆ ಇದು ಹೆಮ್ಮೆಯೇ. ಆದರೂ ಎದೆಯಲ್ಲಿ ಹಾಲಿರುವ ತಾಯಂದಿರ ಮನೆಗಳಿಗೂ ಡಬ್ಬಿ ನುಗ್ಗಿತಲ್ಲ, ಆ ಸಂಕಟ ಆರಿಲ್ಲ. ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ತರಕಾರಿ ಮಾರುವವಳಿಗೆ ಬಿಡುವು ಕೊಡುವವರು ಯಾರು? ಅಂಥವರಿಗಾಗಿ ಇಳಾ ಭಟ್ 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆ ಮುಂದೆ ಕೂಸು ನೋಡಿಕೊಳ್ಳುವ ಕೇಂದ್ರಗಳನ್ನೂ ನಡೆಸಿತು. ಡಬ್ಬಿಗಿಂತ ಅದು ದೊಡ್ಡ ಉಪಕಾರ. ಡಬ್ಬಿಯ ಜಾಹೀರಾತಿಗೂ ಅದರ ಮೇಲಿನ ಮುದ್ದು ಮಗುವಿನ ಚಿತ್ರಕ್ಕೂ ಬೇರೊಂದು ಕಾಯ್ದೆ ತಡೆ ಹಾಕಿದ್ದು 1992ರಲ್ಲಿ.

ಹಾಗೆಂದು ಹಿರಿಯರು ಮಾಡಿದ್ದೆಲ್ಲ ಸರಿ ಎನ್ನಲಾರೆ. ಗುಜರಾತಿನಲ್ಲಿ ಹುಟ್ಟಿದ ಕೂಸಿನ ಬಾಯಿಗೆ ಮೊದಲು ‘ಗಳಥೂಥಿ’, ಅಂದರೆ ಬೆಲ್ಲದ ನೀರು. ನಮ್ಮಲ್ಲಿ ಜೇನು, ಸಕ್ಕರೆ ನೀರು. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿದ ಮನೆಗಳೂ ಇದ್ದವು. ಹುಟ್ಟಿದ ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಗುಜರಾತಿನಲ್ಲಿ ನೂರಕ್ಕೆ 40ಕ್ಕೂ ಕಡಿಮೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಆದರೆ ಆರು ತಿಂಗಳಾದ ಮೇಲೆ ಏನು ಉಣಿಸಬೇಕೆಂಬುದು ಅಜ್ಜಿಗೆ ಗೊತ್ತಿತ್ತು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿ. ಮೊಳಕೆಯೊಡೆದ ಕಾಳಿನ ಗಂಜಿ ಬೇಗ ಗಟ್ಟಿಯಾಗದು. ಪುಟ್ಟ ಹೊಟ್ಟೆಗೆ ತೆಳ್ಳನೆಯ ಸರಿಯಲ್ಲೇ ಹೆಚ್ಚು ಹಿಟ್ಟು ಇಳಿಯುತ್ತದೆ. 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದವರು ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್, ಅದೇ ಸಿಎಫ್‌ಟಿಆರ್‌ಐನಲ್ಲಿ.

ಚಿಕ್ಕಪ್ಪನಿಗೂ ಅಜ್ಜಿ ಬೆಳ್ಳಿಯ ಒಳಲೆಯಲ್ಲಿ ಸರಿ ಹಾಕಿದ್ದರು. ಸಾಸಿವೆ ಡಬ್ಬಿ ಈಗಲೂ ನಮ್ಮ ಅಟ್ಟದ ಮೇಲಿದೆ. ಒಳಲೆ ಎಲ್ಲಿ ಹೋಯಿತೋ, ಮನೆಯಲ್ಲಿ ಯಾರಿಗೂ ನೆನಪಿಲ್ಲ.