ಗುಡ್ಡಕ್ಕೆ ಹೆದರುವವರು ಕಡಲಿಗೇಕೆ ಹೆದರರು?

ಪ್ರಶ್ನೆ: ಶಿರೂರಿನ ಗುಡ್ಡಕುಸಿತದ ಸುದ್ದಿ ಕೇಳಿ ಕರಾವಳಿ ಪ್ರವಾಸಕ್ಕೆ ಹಿಂಜರಿಯುವವರೇ ಮುರುಡೇಶ್ವರದ ಅಲೆಗಳಿಗೆ ಧೈರ್ಯವಾಗಿ ಇಳಿಯುತ್ತಾರಲ್ಲ, ಏಕೆ?

ಉತ್ತರ: ಅಪಾಯವನ್ನು ನಾವು ಅಳೆಯುವುದು ಹೆಚ್ಚಾಗಿ ಭಯದಿಂದ, ಲೆಕ್ಕದಿಂದಲ್ಲ. ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರ ಲೇಖನದಲ್ಲಿ ವಿವರಿಸಿದಂತೆ, ಹಿಡಿತಕ್ಕೆ ಸಿಗದೆ ಒಮ್ಮೆಗೇ ಹಲವರನ್ನು ಬಲಿ ತೆಗೆದುಕೊಳ್ಳುವ ಆಪತ್ತು ದೊಡ್ಡದಾಗಿ ಕಾಣುತ್ತದೆ; ತಾವಾಗಿ ಆರಿಸಿಕೊಂಡದ್ದು ಚಿಕ್ಕದಾಗಿ. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಕುಸಿದ ಶಿರೂರಿನ ಗುಡ್ಡ ಮೊದಲ ಬಗೆಯದು. ಮುರುಡೇಶ್ವರದ ಕಡಲು ಎರಡನೆಯದು: ಮೊಣಕಾಲುದ್ದದ ನೀರು, ಸುತ್ತ ಜನ, ಪಕ್ಕದಲ್ಲೇ ದೇವಸ್ಥಾನ. ಜನಸಂದಣಿಯೇ ಸುರಕ್ಷತೆಯ ಸಾಕ್ಷಿ ಎನಿಸಿಬಿಡುತ್ತದೆ. ಅದೇ ವರ್ಷ ಡಿಸೆಂಬರ್ 10ರಂದು ಮುಳಬಾಗಿಲಿನಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇಲ್ಲೇ ನೀರುಪಾಲಾದರು. ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಎಚ್ಚರಿಕೆಯ ಫಲಕ ಹಾಕಿದರೆ ಸಾಕು ಎನ್ನುವವರಿದ್ದಾರೆ. ಒಪ್ಪಲಾರೆ. ಒಳನಾಡಿನಿಂದ ಬಂದವರ ಕಣ್ಣಿಗೆ ನೀರಿನ ಸೆಳೆತ ಕಾಣುವುದೇ ಇಲ್ಲ. ಸೆಳೆತವಿರುವ, ಅಲೆ ಒಡೆಯದ ಜಾಗವೇ ಎಷ್ಟೋ ಸಲ ಶಾಂತವಾಗಿ ತೋರುತ್ತದೆ. ಹಾಗೆಂದು ಕಡಲತೀರವನ್ನೇ ಮುಚ್ಚುವುದೂ ಪರಿಹಾರವಲ್ಲ. ಅಂಗಡಿ, ವಸತಿಗೃಹ, ದೋಣಿಗಳವರ ಬದುಕು ಅದನ್ನೇ ನಂಬಿದೆ. ಬೇಕಾದದ್ದು ಸ್ಥಳದಲ್ಲೇ ನಿಂತು ತಡೆಯುವ ಜೀವರಕ್ಷಕರು. ಅವರು ಸೀಟಿ ಊದಿದರೆ ವಾದಿಸದೆ, ಆ ಕ್ಷಣವೇ ದಯವಿಟ್ಟು ಮಕ್ಕಳೊಂದಿಗೆ ದಡಕ್ಕೆ ಬನ್ನಿ.