ಶಕ್ತಿವರ್ಧಕದಲ್ಲಿ ಶಾಖ ಮತ್ತು ಪ್ರವಾಹ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ಜರ್ಮೇನಿಯಂ ಅರ್ಧವಾಹಕಗಳ ತಯಾರಿಕೆಗೆ ತೊಡಗಿತು. ಅನಂತರ ಸಾಧನಗಳು ಬದಲಾದರೂ ಜಯನಗರ, ಬನಶಂಕರಿಗಳ ದುರಸ್ತಿಗಾರನ ಮುಂದಿರುವ ಪ್ರಶ್ನೆ ಒಂದೇ: ಸುಟ್ಟ ಟ್ರಾನ್ಸಿಸ್ಟರಿನ ಸ್ಥಾನದಲ್ಲಿಟ್ಟ ಹೊಸದೂ ಏಕೆ ಸುಡುತ್ತದೆ?

ಶಕ್ತಿವರ್ಧಕದ ಅಂತಿಮ ಜೋಡಿಯಲ್ಲಿ ಒಂದು ಟ್ರಾನ್ಸಿಸ್ಟರು ಅಲೆಯ ಧನಾರ್ಧವನ್ನೂ ಮತ್ತೊಂದು ಋಣಾರ್ಧವನ್ನೂ ವಹಿಸುತ್ತದೆ. ಸಂಧಿಯಲ್ಲಿ ಎರಡೂ ಸ್ತಬ್ಧವಾದರೆ ಮೆಲುದನಿ ಕರ್ಕಶವಾಗುವುದು. ಆದಕಾರಣ ನಾದವಿಲ್ಲದಾಗಲೂ ಅಲ್ಪ ಪ್ರವಾಹ ಹರಿಯಬೇಕು. ಆದರೆ ಟ್ರಾನ್ಸಿಸ್ಟರು ಕಾದಂತೆ, ಅದೇ ಪ್ರವಾಹಕ್ಕೆ ಬೇಕಾಗುವ ಬೇಸ್-ಎಮಿಟರ್ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬಯಾಸ್ ಅದರೊಡನೆ ತಗ್ಗದಿದ್ದರೆ ಪ್ರವಾಹದಿಂದ ಶಾಖ, ಶಾಖದಿಂದ ಪ್ರವಾಹ ಬೆಳೆದು ಟ್ರಾನ್ಸಿಸ್ಟರು ನಾಶವಾಗುವುದು.

ಆದುದರಿಂದ ದುರಸ್ತಿಯಾದ ಯಂತ್ರಕ್ಕೆ ಮೊದಲು ಸರಣಿದೀಪದ ಮೂಲಕವೇ ವಿದ್ಯುತ್ತನ್ನು ಕೊಡತಕ್ಕದ್ದು. ದೀಪವು ಪ್ರಖರವಾಗಿಯೇ ಉಳಿದರೆ ದೋಷ ಉಳಿದಿದೆಯೆಂದರ್ಥ. ಇಲ್ಲವಾದರೆ ದೀಪವನ್ನು ತೆಗೆದು ಎಮಿಟರ್ ರೋಧಕದ ವೋಲ್ಟೇಜನ್ನು ಅಳೆಯಬೇಕು: 0.22 ಓಮಿನಲ್ಲಿ 11 ಮಿಲಿವೋಲ್ಟ್ ಎಂದರೆ 50 ಮಿಲಿಆಂಪಿಯರ್. ಯಂತ್ರ ಕಾದ ಮೇಲೂ ಈ ಅಳತೆ ಏರುತ್ತ ಹೋಗದಿರುವುದೇ ಬಯಾಸ್ ಸರಿಯಿರುವುದಕ್ಕೆ ಪ್ರಮಾಣ.